ನೋವಿಲ್ಲ, ಆದರೆ ಕೈಗೆ ಏನೋ ಸಿಗುತ್ತಿದೆ

ಕೇಳುಗರಿಗೆ ನಮಸ್ಕಾರ.

ಆಸ್ಪತ್ರೆಯಲ್ಲಿ ಕೆಲವರು ಬೇಕೆಂದೇ ಸಾಲಿನ ಕೊನೆಗೆ ನಿಲ್ಲುತ್ತಾರೆ. ಒಬ್ಬ ತಾಯಿ ಹಾಗೇ ಹಿಂದಿದ್ದವರನ್ನೆಲ್ಲ ಮುಂದೆ ಬಿಟ್ಟು, ಕೋಣೆ ಖಾಲಿಯಾದ ಮೇಲೆ ಒಳಗೆ ಬಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನೋವೇನೂ ಇಲ್ಲ ಡಾಕ್ಟ್ರೇ, ತೊಳ್ಕೊಳ್ಳೋವಾಗ ಕೈಗೆ ಏನೋ ಸಿಗುತ್ತೆ. ಎರಡು ವರ್ಷ ಆಯ್ತು" ಎಂದರು. ಕ್ಯಾನ್ಸರೇ ಇರಬೇಕೆಂದು ಎರಡು ವರ್ಷ ಒಳಗೊಳಗೇ ಬೆಂದಿದ್ದರು. ನೋಡಿದರೆ, ಮಲದ್ವಾರದ ಅಂಚಿನಲ್ಲಿ ಜೋತುಬಿದ್ದ ಮೆತ್ತನೆಯ ಚರ್ಮ, ಅಷ್ಟೆ.

ಇದು ಬಹಳ ಜನರಲ್ಲಿ ಇರುತ್ತದೆ. ಬಸುರಿಯಲ್ಲೋ, ಮಲಬದ್ಧತೆಯಿಂದ ತಿಣುಕಿದಾಗಲೋ ಅಲ್ಲಿನ ರಕ್ತನಾಳ ಊದಿಕೊಂಡು ಚರ್ಮ ಹಿಗ್ಗುತ್ತದೆ. ಊತ ಇಳಿದರೂ ಹಿಗ್ಗಿದ ಚರ್ಮ ಮೊದಲಿನಂತಾಗುವುದಿಲ್ಲ. ತೊಳೆಯಲು ತೊಂದರೆ ಇಲ್ಲವೆಂದರೆ ಅದನ್ನು ಮುಟ್ಟುವ ಅಗತ್ಯವೇ ಇಲ್ಲ.

ಹಾಗೆಂದು ನೋವಿಲ್ಲದ್ದೆಲ್ಲ ನಿರಪಾಯ ಎಂದುಕೊಳ್ಳಬೇಡಿ. ಮಲದ್ವಾರದ ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಒಳಗೆ, ಹಲ್ಲಿನ ಸಾಲಿನಂಥ ಒಂದು ಅಂಕುಡೊಂಕು ಗೆರೆ ಇದೆ. ಗೆರೆಯ ಕೆಳಗಿನ ಚರ್ಮ ಬಹಳ ಸೂಕ್ಷ್ಮ, ಸಣ್ಣ ಬಿರುಕು ಬಿಟ್ಟರೂ ಜೀವ ಹಿಂಡುತ್ತದೆ. ಗೆರೆಯಿಂದ ಮೇಲಿನ ಭಾಗದಲ್ಲಿ ಚುಚ್ಚಿದರೂ ನೋವು ತಿಳಿಯುವುದಿಲ್ಲ. ಅಲ್ಲಿನ ಮೂಲವ್ಯಾಧಿಯ ಮೊಳೆಗೆ ಅರಿವಳಿಕೆ ಕೊಡದೆಯೇ ರಬ್ಬರ್ ಬಳೆ ಬಿಗಿಯುವುದು ಇದೇ ಕಾರಣಕ್ಕೆ. ಒಳಗಿನ ಮೊಳೆ ಮೊದಲು ಕೆಂಪು ರಕ್ತವಾಗಿಯಷ್ಟೇ ಕಾಣಿಸುತ್ತದೆ. ಆಮೇಲೆ ಮಲವಿಸರ್ಜನೆಯ ಹೊತ್ತಿಗೆ ಹೊರಬಂದು ತಾನೇ ಒಳಹೋಗುತ್ತದೆ. ಮುಂದೆ ಬೆರಳಿನಿಂದ ತಳ್ಳಬೇಕಾಗುತ್ತದೆ, ಕೊನೆಗೆ ತಳ್ಳಿದರೂ ಹೋಗುವುದಿಲ್ಲ. ವಯಸ್ಸಾದವರಲ್ಲಿ ಕೆಲವೊಮ್ಮೆ ಕರುಳಿನ ತುದಿಯೇ ಜಾರಿ ಬರುತ್ತದೆ. ಮೊಳೆಯಾದರೆ ಗಡ್ಡೆಗಳ ನಡುವಿನ ಸೀಳು ಚಕ್ರದ ಅರದಂತೆ ನಡುವಿನಿಂದ ಹೊರಕ್ಕೆ ಇರುತ್ತದೆ, ಕರುಳಾದರೆ ಮಡಿಕೆಗಳು ಬಳೆ ಜೋಡಿಸಿದಂತೆ ಸುತ್ತಲೂ ಇರುತ್ತವೆ.

ಹೂಕೋಸಿನಂಥ ಸಣ್ಣ ಸಣ್ಣ ಗುಳ್ಳೆಗಳಾದರೆ ಅದು ಎಚ್‌ಪಿವಿ ವೈರಸ್ಸಿನ ನರುಲಿ ಇರಬಹುದು. ಹೆಚ್ಚಿನವು 6 ಮತ್ತು 11ನೇ ಬಗೆಯಿಂದ ಬರುತ್ತವೆ. ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಗುಲಿ ಹರಡುವ ವೈರಸ್ಸು ಇದು, ಗುದಸಂಭೋಗ ನಡೆದೇ ಇರಬೇಕೆಂದಿಲ್ಲ. ಇದೊಂದು ಮಾತು ಗೊತ್ತಿಲ್ಲದೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಶಂಕಿಸಿ ಮನೆ ಒಡೆದುಕೊಳ್ಳುವುದು ಬೇಡ. ವೈರಸ್ಸು ಎಷ್ಟೋ ತಿಂಗಳು, ವರ್ಷವೂ ಸದ್ದಿಲ್ಲದೆ ಇರಬಲ್ಲದು.

ಆ ಜಾಗ ಮೈಬಣ್ಣಕ್ಕಿಂತ ಕಪ್ಪಗಿರುವುದು ಸಹಜ. ಆದರೆ ಹೊಸದಾಗಿ ಬಿಳಿ ಮಚ್ಚೆ, ಕೀವು ಒಸರುವ ಸಣ್ಣ ತೂತು, ಒಣಗದ ಹುಣ್ಣು ಕಂಡರೆ ತೋರಿಸಿ. ಗಟ್ಟಿಯಾಗಿ ಬೆಳೆಯುತ್ತಿರುವ ಗಂಟು, ಸಂಡಾಸಿನ ಅಭ್ಯಾಸವೇ ಬದಲಾಗುವುದು, ತೂಕ ಇಳಿಯುವುದು, ರಕ್ತ ಹೋಗುವುದು ಕಂಡರಂತೂ ಒಂದು ದಿನವೂ ತಡ ಬೇಡ. "ಉಷ್ಣ ಆಗಿದೆ, ಮೂಲವ್ಯಾಧಿ ಇರಬೇಕು" ಎಂದು ಮಜ್ಜಿಗೆ ಕುಡಿಯುತ್ತಾ ಕುಳಿತು, ಕರುಳಿನ ಕ್ಯಾನ್ಸರ್ ಬಲಿತ ಮೇಲೆ ಬಂದವರನ್ನು ನೋಡಿದ್ದೇನೆ. ಆ ಮನೆಯವರ ಮುಖ ಮರೆಯಲಾಗುವುದಿಲ್ಲ.

ಗೋಡೆಗೆ ಅಂಟಿಸಿದ "ಒಂದೇ ದಿನದಲ್ಲಿ ಗುಣ" ಚೀಟಿ ನಂಬಿ ಹೋಗಬೇಡಿ, ಕೈಮುಗಿದು ಕೇಳುತ್ತೇನೆ. ಗೊತ್ತುಗುರಿಯಿಲ್ಲದ ಔಷಧಿ ಚುಚ್ಚಿಸಿಕೊಂಡು ಮಲದ್ವಾರವೇ ಸುಟ್ಟು, ಕಿರಿದಾಗಿ, ಸಂಡಾಸಿಗೆ ಪರದಾಡುವವರಿದ್ದಾರೆ.

ಪರೀಕ್ಷೆ ಎಂದರೆ ಭಯಪಡುವಂಥದ್ದೇನಿಲ್ಲ. ಎಡಮಗ್ಗುಲಿಗೆ ಮಲಗಿ ಮೊಣಕಾಲು ಎದೆಯ ಕಡೆ ಮಡಚಬೇಕು. ಮೇಲೆ ಹೊದಿಕೆ ಇರುತ್ತದೆ. ವೈದ್ಯರು ಕೈಗವಸು ಹಾಕಿ, ಬೆರಳಿಗೆ ಜಾರುವ ಜೆಲ್ ಸವರಿ ಮುಟ್ಟಿ ನೋಡುತ್ತಾರೆ. ಒಂದೆರಡು ನಿಮಿಷದ ಕೆಲಸ. ಸಂಶಯ ಇದ್ದರೆ ದುರ್ಬೀನು ಹಾಕಿ ಕರುಳು ನೋಡಬೇಕಾದೀತು. ಹೆಂಗಸರು ಲೇಡಿ ಡಾಕ್ಟರೇ ಬೇಕೆಂದು ಕೇಳಬಹುದು, ಮಗಳನ್ನೋ ಅಕ್ಕನನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬಹುದು. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಒಂದು ಚೀಟಿಯಲ್ಲಿ ಬರೆದು ಕೊಡಿ, ನಮಗೆ ಅರ್ಥವಾಗುತ್ತದೆ.

ನಮಸ್ಕಾರ.