ವರ್ಕೌಟ್ ಶುರು ಮಾಡಿದ ಮೇಲೆ ಎದ್ದು ನಿಂತರೆ ತಲೆ ಸುತ್ತುತ್ತಾ?

ನಮಸ್ಕಾರ. ಹೊಸದಾಗಿ ವ್ಯಾಯಾಮ ಶುರು ಮಾಡಿದ್ದೀರಿ. ನೆಲದ ಮೇಲೆ ಮಲಗಿ ಮಾಡುವುದನ್ನೆಲ್ಲ ಮುಗಿಸಿ ತಟ್ಟನೆ ಎದ್ದಿರಿ, ಕಣ್ಣಿಗೆ ಕತ್ತಲೆ ಕಟ್ಟಿತು, ಗೋಡೆ ಹಿಡಿದುಕೊಂಡಿರಿ, ಸ್ವಲ್ಪ ಹೊತ್ತಿಗೆ ಸರಿಹೋಯಿತು. ವೀಕ್‌ನೆಸ್ ಇರಬೇಕು ಅಂತ ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ. ಆದರೆ ಹೆಚ್ಚಿನ ಸಲ ಇದು ಬಿಪಿ ಇಳಿಯುವುದರಿಂದ ಆಗುತ್ತದೆ.

(ಪರದೆಯಲ್ಲಿ: ನಿಂತಿರುವ ದೇಹದ ಚಿತ್ರ, ಕಾಲಿನ ಕಡೆ ಕೆಂಪು ಬಣ್ಣ)

ಎದ್ದು ನಿಂತ ಕೂಡಲೇ ಅರ್ಧದಿಂದ ಒಂದು ಲೀಟರ್ ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡವನ್ನು ಗಮನಿಸುತ್ತಿರುವ ನರಗಳಿವೆ, ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಹೃದಯ ಬೇಗ ಬಡಿಯುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ. ವ್ಯಾಯಾಮ ಆದ ಮೇಲೆ ರಕ್ತನಾಳಗಳು ಹಿಗ್ಗಿಕೊಂಡಿರುತ್ತವೆ, ಬೆವರಿ ಮೈಯಲ್ಲಿ ನೀರೂ ಕಡಿಮೆಯಾಗಿರುತ್ತದೆ, ಹಾಗಾಗಿ ಈ ಕೆಲಸ ನಿಧಾನವಾಗುತ್ತದೆ. ಇನ್ನೊಂದು ವಿಷಯ ಇದೆ. ಓಡುವಾಗ ಮೀನಖಂಡದ ಸ್ನಾಯುಗಳು ಪಂಪಿನ ಹಾಗೆ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ನೀವು ಗಕ್ಕನೆ ನಿಂತರೆ ಅದೂ ನಿಂತುಹೋಗುತ್ತದೆ.

ಅದಕ್ಕೇ ಕೊನೆಯ 5-10 ನಿಮಿಷ ನಿಧಾನವಾಗಿ ನಡೆಯಿರಿ ಅಂತ ಹೇಳುವುದು. ಬಹಳ ಜನ ಬಿಟ್ಟುಬಿಡುವುದು ಇದನ್ನೇ, ಟೈಮ್ ಇಲ್ಲ ಅಂತ. ದಯವಿಟ್ಟು ಬಿಡಬೇಡಿ. ನೆಲದಿಂದ ಏಳುವಾಗ ಮೊದಲು ಮಗ್ಗುಲಿಗೆ ತಿರುಗಿ, ಕುಳಿತುಕೊಳ್ಳಿ, ಹಿಮ್ಮಡಿಯನ್ನು ಹತ್ತಿಪ್ಪತ್ತು ಸಲ ಎತ್ತಿ ಇಳಿಸಿ, ಆಮೇಲೆ ಎದ್ದೇಳಿ. ನಿಂತ ಮೇಲೆ ತಲೆ ಹಗುರಾದರೆ ಕಾಲಿಗೆ ಕಾಲು ಅಡ್ಡ ಹಾಕಿ ತೊಡೆ ಬಿಗಿ ಹಿಡಿಯಿರಿ. ಆಗಲೂ ಸರಿಹೋಗದಿದ್ದರೆ ಅಲ್ಲೇ ಕೂತುಬಿಡಿ, ಬೇಕಾದರೆ ಮಲಗಿ, ನಾಚಿಕೆ ಬೇಡ, ಬಿದ್ದು ತಲೆಗೆ ಪೆಟ್ಟಾಗುವುದೇ ಇಲ್ಲಿ ದೊಡ್ಡ ಅಪಾಯ. ಭಾರ ಎತ್ತುವಾಗ ಉಸಿರು ಕಟ್ಟಬೇಡಿ. ನೀರು ಕುಡಿಯಿರಿ. ಮುಗಿದ ತಕ್ಷಣ ತುಂಬಾ ಬಿಸಿ ನೀರಿನ ಸ್ನಾನ ಬೇಡ, ಅದು ರಕ್ತನಾಳಗಳನ್ನು ಇನ್ನಷ್ಟು ಹಿಗ್ಗಿಸುತ್ತದೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೂ ಕೋಣೆಯೇ ಗಿರಗಿರ ತಿರುಗಿದ ಹಾಗಾದರೆ ವಿಷಯ ಬೇರೆ. ಅದು ಒಳಕಿವಿಯ ತೊಂದರೆ ಇರಬಹುದು.

ವ್ಯಾಯಾಮ ಮಾಡುತ್ತಿರುವಾಗಲೇ ಎಚ್ಚರ ತಪ್ಪಿದರೆ, ಎದೆ ನೋವು ಬಂದರೆ, ಎದೆಬಡಿತ ಏರುಪೇರಾದರೆ, ಮಾತು ತೊದಲಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ತಗೊಳ್ಳುವವರಿಗೆ ಈ ತಲೆಸುತ್ತು ಬೇಗ ಬರುತ್ತದೆ. ಹಾಗಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮನೆಯಲ್ಲಿ ಬಿಪಿ ಮಿಷನ್ ಇದ್ದರೆ 5 ನಿಮಿಷ ಮಲಗಿ ಒಂದು ಸಲ ನೋಡಿ, ಎದ್ದು ನಿಂತು 1 ನಿಮಿಷಕ್ಕೆ, ಮತ್ತೆ 3 ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಬರೆದಿಟ್ಟುಕೊಂಡು, ಮಾತ್ರೆಗಳ ಹೆಸರಿನ ಜೊತೆ ಡಾಕ್ಟರಿಗೆ ತೋರಿಸಿ.