ಒಂದೇ ಸುತ್ತಿನಲ್ಲಿ ಹೊರಬಿದ್ದವರು: ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನ ಬಾಕಿ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಬೇಸ್‌ಬಾಲ್ ಆಟಗಾರನೊಬ್ಬನಿಗೆ ಸಿಗಬಹುದಾದ ಅತಿ ದೊಡ್ಡ ಗೌರವ ಹಾಲ್ ಆಫ್ ಫೇಮ್. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನಲ್ಲಿ 1939ರಲ್ಲಿ ಅದರ ಬಾಗಿಲು ತೆರೆಯಿತು. ಅದಕ್ಕೆ ಮೂರು ವರ್ಷ ಮೊದಲೇ, 1936ರಲ್ಲಿ, ಬೇಬ್ ರೂತ್, ಟೈ ಕಾಬ್ ಸೇರಿ ಐವರನ್ನು ಆರಿಸಿಯಾಗಿತ್ತು. ಆಯ್ಕೆಯಾದ ಪ್ರತಿಯೊಬ್ಬರ ಮುಖವಿರುವ ಕಂಚಿನ ಫಲಕ ಅಲ್ಲಿನ ಗೋಡೆಯ ಮೇಲಿದೆ. ಆ ಗೋಡೆ ಏರಬೇಕಾಗಿದ್ದು ಇನ್ನೂ ಏರದೆ ಉಳಿದವರ ವಿಷಯ ಇವತ್ತಿನ ಮಾತು. ಅವರಲ್ಲಿ ಕೆಲವರು ನಿಸ್ಸಂದೇಹವಾಗಿ ಅರ್ಹರು. ಅವರ ಆಟದಲ್ಲಿ ಕೊರತೆಯಿಲ್ಲ, ಮತ ಎಣಿಸುವ ಕ್ರಮದಲ್ಲಿ ಕೊರತೆಯಿದೆ.

ಲೂ ವಿಟೇಕರ್ ಅವರನ್ನೇ ತೆಗೆದುಕೊಳ್ಳಿ. 1977ರಿಂದ 1995ರವರೆಗೆ ಒಂದೇ ತಂಡಕ್ಕೆ, ಡೆಟ್ರಾಯಿಟ್ ಟೈಗರ್ಸ್‌ಗೆ, ಸೆಕೆಂಡ್ ಬೇಸ್ ಕಾಯ್ದರು, ಅಂದರೆ ಓಟಗಾರ ಸುತ್ತಬೇಕಾದ ನಾಲ್ಕು ಬೇಸ್‌ಗಳಲ್ಲಿ ಎರಡನೆಯದರ ಬಳಿ ಫೀಲ್ಡಿಂಗ್ ಮಾಡಿದರು. 2,390 ಪಂದ್ಯ, 2,369 ಹಿಟ್ (ಚೆಂಡು ಹೊಡೆದು ಬೇಸ್ ತಲುಪಿದ್ದು), 244 ಹೋಮ್ ರನ್ (ಒಂದೇ ಹೊಡೆತಕ್ಕೆ ನಾಲ್ಕೂ ಬೇಸ್ ಸುತ್ತಿದ್ದು). 1978ರಲ್ಲಿ ಅಮೆರಿಕನ್ ಲೀಗಿನ ಅತ್ಯುತ್ತಮ ಹೊಸ ಆಟಗಾರ. ಐದು ಸಲ ಆಲ್-ಸ್ಟಾರ್ ತಂಡದಲ್ಲಿ ಸ್ಥಾನ, ಫೀಲ್ಡಿಂಗಿಗೆ ಮೂರು ಗೋಲ್ಡ್ ಗ್ಲವ್, 1984ರಲ್ಲಿ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡದ ಸದಸ್ಯ. ಪಕ್ಕದಲ್ಲಿ, ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ, ಶಾರ್ಟ್‌ಸ್ಟಾಪ್ ಆಗಿ ನಿಂತವರು ಆಲನ್ ಟ್ರಾಮೆಲ್. ಇಬ್ಬರೂ ಜೊತೆಯಾಗಿ ಆಡಿದ ಪಂದ್ಯಗಳು 1,918. ಇದು ಅಮೆರಿಕನ್ ಲೀಗಿನ ದಾಖಲೆ.

2001ರಲ್ಲಿ ವಿಟೇಕರ್ ಹೆಸರು ಮತಪತ್ರಕ್ಕೆ ಬಂತು. 515 ಮತದಾರರಲ್ಲಿ ಅವರ ಹೆಸರಿಗೆ ಗುರುತು ಹಾಕಿದವರು ಬರೀ 15 ಜನ. ಅಂದರೆ ಶೇಕಡಾ 2.9. ಅಲ್ಲಿಗೆ ಅವರ ಕಥೆ ಮುಗಿಯಿತು.

ಹಾಗೇಕೆ ಮುಗಿಯಿತು ಅನ್ನುವುದು ತಿಳಿಯಬೇಕಾದರೆ ನಿಯಮ ತಿಳಿದಿರಬೇಕು. ಕನಿಷ್ಠ ಹತ್ತು ಸೀಸನ್ ಆಡಿ, ನಿವೃತ್ತಿಯಾಗಿ ಐದು ವರ್ಷ ಕಳೆದ ಆಟಗಾರನ ಹೆಸರು ಪರಿಶೀಲನೆಗೆ ಬರುತ್ತದೆ. ಮತ ಹಾಕುವವರು ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಹತ್ತು ವರ್ಷ ಸದಸ್ಯತ್ವ ಪೂರೈಸಿದ ಪತ್ರಕರ್ತರು. ಒಬ್ಬರು ಹೆಚ್ಚೆಂದರೆ ಹತ್ತು ಹೆಸರಿಗೆ ಗುರುತು ಹಾಕಬಹುದು. ಶೇಕಡಾ 75 ಮತ ಬಿದ್ದರೆ ಆಯ್ಕೆ. ಶೇಕಡಾ 5 ಕೂಡ ಬೀಳದಿದ್ದರೆ ಮರುವರ್ಷದ ಮತಪತ್ರದಲ್ಲಿ ಆ ಹೆಸರೇ ಇರುವುದಿಲ್ಲ. ಎರಡರ ನಡುವೆ ಇದ್ದವರಿಗೆ ಒಟ್ಟು ಹತ್ತು ವರ್ಷ ಅವಕಾಶ. 2014ಕ್ಕೆ ಮೊದಲು ಅದು ಹದಿನೈದು ವರ್ಷವಿತ್ತು.

ಈ ಶೇಕಡಾ 5ರ ಗೆರೆಯೇ ನನ್ನ ಮುಖ್ಯ ತಕರಾರು. ಅರ್ಹತೆಯೇ ಇಲ್ಲದ ಹೆಸರುಗಳನ್ನು ಬೇಗ ಸೋಸಿ ತೆಗೆಯಲು ಮಾಡಿದ ಗೆರೆ ಅದು. ಆದರೆ ಮತದಾರರ ಮನಸ್ಸು ಬದಲಾಗಲು ಕಾಲ ಬೇಕು ಎಂಬುದಕ್ಕೆ ದಾಖಲೆಯೇ ಸಾಕ್ಷಿ. ಬರ್ಟ್ ಬ್ಲೈಲೆವೆನ್ ಎಂಬ ಪಿಚರ್‌ಗೆ (ಬ್ಯಾಟರ್‌ಗೆ ಚೆಂಡು ಎಸೆಯುವವನಿಗೆ) 1998ರಲ್ಲಿ ಸಿಕ್ಕಿದ್ದು ಶೇಕಡಾ 17.5. ಮರುವರ್ಷ ಅದು 14.1ಕ್ಕೆ ಇಳಿಯಿತು. ಹದಿನಾಲ್ಕನೆಯ ವರ್ಷ, 2011ರಲ್ಲಿ, 79.7 ಪಡೆದು ಅವರು ಒಳಗೆ ಹೋದರು. ಟಿಮ್ ರೇನ್ಸ್ 2008ರಲ್ಲಿ 24.3ರಿಂದ ಆರಂಭಿಸಿ ಕೊನೆಯ ಅವಕಾಶದಲ್ಲಿ, 2017ರಲ್ಲಿ, 86 ತಲುಪಿದರು. ಈ ವರ್ಷಗಳಲ್ಲಿ ಅವರಿಬ್ಬರೂ ಹೊಸದಾಗಿ ಒಂದು ಚೆಂಡನ್ನೂ ಆಡಿರಲಿಲ್ಲ. ಆಟವನ್ನು ಅಳೆಯುವ ಕ್ರಮ ಬದಲಾಯಿತು, ಚರ್ಚೆ ನಡೆಯಿತು, ಹಳೆಯ ಅಂಕಿಗಳನ್ನು ಜನ ಮತ್ತೆ ಓದಿದರು. ವಿಟೇಕರ್‌ಗೆ ಈ ಚರ್ಚೆಯ ಕಾಲವೇ ಸಿಗಲಿಲ್ಲ.

ಅಳೆಯುವ ಕ್ರಮ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಹುಕಾಲ ಎಲ್ಲರೂ ನೋಡುತ್ತಿದ್ದದ್ದು ಬ್ಯಾಟಿಂಗ್ ಆವರೇಜ್. ಚೆಂಡು ಹೊಡೆದು ಬೇಸ್ ತಲುಪಿದ್ದು ಮಾತ್ರ ಅದರ ಲೆಕ್ಕಕ್ಕೆ ಬರುತ್ತದೆ. ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿ, ಬ್ಯಾಟರ್ ಆಸೆಪಡದೆ ಬಿಟ್ಟು, ನಡೆದುಕೊಂಡು ಫಸ್ಟ್ ಬೇಸಿಗೆ ಹೋದರೆ ಅದು ವಾಕ್. ಆವರೇಜ್‌ನಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ ಒಂಬತ್ತು ಇನಿಂಗ್ಸಿನಲ್ಲಿ ಒಂದು ತಂಡದ ಕೈಯಲ್ಲಿರುವುದು 27 ಔಟ್ ಮಾತ್ರ. ಔಟಾಗದೆ ಬೇಸ್ ತಲುಪಿದವನು ಹೇಗೆ ತಲುಪಿದರೂ ತಂಡಕ್ಕೆ ಒಂದು ಔಟ್ ಉಳಿಸಿದ್ದಾನೆ. ಅದನ್ನು ಹಿಡಿಯುವ ಅಳತೆ ಆನ್-ಬೇಸ್ ಪರ್ಸೆಂಟೇಜ್. ವಿಟೇಕರ್ ಆವರೇಜ್ ಸಾವಿರಕ್ಕೆ 276, ನೋಡಿದವರಿಗೆ ಸಾಧಾರಣ ಅನ್ನಿಸುತ್ತದೆ. ಆನ್-ಬೇಸ್ ಸಾವಿರಕ್ಕೆ 363. ಈ ಅಂತರದ ಹಿಂದೆ 1,197 ವಾಕ್‌ಗಳಿವೆ.

ಇದೇ ಕಾಲದಲ್ಲಿ ಚಿಕಾಗೊ ಕಬ್ಸ್‌ಗೆ ಸೆಕೆಂಡ್ ಬೇಸ್ ಕಾಯ್ದ ರೈನ್ ಸ್ಯಾಂಡ್‌ಬರ್ಗ್ ಅವರನ್ನು ಪಕ್ಕದಲ್ಲಿಟ್ಟು ನೋಡೋಣ. ಅವರದು 2,386 ಹಿಟ್, 282 ಹೋಮ್ ರನ್, ಆನ್-ಬೇಸ್ 344. ಜೊತೆಗೆ 1984ರ ಎಂವಿಪಿ, ಅಂದರೆ ಲೀಗಿನ ಅತಿ ಮೌಲ್ಯಯುತ ಆಟಗಾರನ ಪ್ರಶಸ್ತಿ, ಒಂಬತ್ತು ಗೋಲ್ಡ್ ಗ್ಲವ್. ಸ್ಯಾಂಡ್‌ಬರ್ಗ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಅವರ ಅತ್ಯುತ್ತಮ ವರ್ಷಗಳು ವಿಟೇಕರ್‌ರ ಅತ್ಯುತ್ತಮ ವರ್ಷಗಳಿಗಿಂತ ಎತ್ತರವೇ. ಅವರಿಗೆ ಮೊದಲ ವರ್ಷ ಶೇಕಡಾ 49.2 ಮತ ಬಿತ್ತು, ಮೂರನೆಯ ವರ್ಷ ಆಯ್ಕೆಯಾಯಿತು. 49 ಎಲ್ಲಿ, 2.9 ಎಲ್ಲಿ? ಇಬ್ಬರ ಆಟದಲ್ಲಿ ಅಷ್ಟು ದೂರವಿಲ್ಲ. ವಿಟೇಕರ್‌ಗೆ ಎಂವಿಪಿ ಇಲ್ಲ, ಯಾವ ವರ್ಷವೂ ಲೀಗಿನ ತಲೆಯ ಮೇಲೆ ನಿಂತ ಮುಖ್ಯ ಬ್ಯಾಟಿಂಗ್ ಅಂಕಿಯಿಲ್ಲ. ಹತ್ತೊಂಬತ್ತು ವರ್ಷ ಒಂದೇ ಸಮ ಚೆನ್ನಾಗಿ ಆಡಿದ್ದೇ ಅವರ ಸಾಧನೆ, ಕಣ್ಣಿಗೆ ಬೀಳದೆ ಹೋಗಲು ಕಾರಣವೂ ಅದೇ.

ಇಂದು ಬಳಕೆಯಲ್ಲಿರುವ ಇನ್ನೊಂದು ಅಳತೆ ವಾರ್. ಬ್ಯಾಟಿಂಗ್, ಬೇಸ್ ಓಟ, ಫೀಲ್ಡಿಂಗ್ ಮೂರನ್ನೂ ಕೂಡಿಸಿ, ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಈತ ತಂಡಕ್ಕೆ ಎಷ್ಟು ಹೆಚ್ಚು ಗೆಲುವು ತಂದ ಎಂದು ಅಂದಾಜು ಮಾಡುತ್ತದೆ. ವಿಟೇಕರ್ ಸುಮಾರು 75. ಸ್ಯಾಂಡ್‌ಬರ್ಗ್ 68. 2018ರಲ್ಲಿ ಸಮಿತಿಯ ಮೂಲಕ ಹಾಲ್ ಆಫ್ ಫೇಮ್ ಸೇರಿದ ಜೊತೆಗಾರ ಟ್ರಾಮೆಲ್ 70ರ ಆಸುಪಾಸು. ವಾರ್ ಅಂದಾಜೇ ಹೊರತು ತೂಕದ ಕಲ್ಲಲ್ಲ. ಎರಡು ಮೂರು ಅಂಶದ ವ್ಯತ್ಯಾಸಕ್ಕೆ ಜಗಳವಾಡಬಾರದು. ಆದರೆ 75 ಇರುವವನನ್ನು ಒಂದೇ ಸುತ್ತಿನಲ್ಲಿ ಹೊರಹಾಕಿದಾಗ ಅದನ್ನು ಅಭಿಪ್ರಾಯಭೇದ ಎಂದು ಬಿಡಲಾಗದು.

ವಿಟೇಕರ್ ಒಬ್ಬರೇ ಅಲ್ಲ. ಬಾಬಿ ಗ್ರಿಚ್, ಅವರೂ ಸೆಕೆಂಡ್ ಬೇಸ್‌ಮನ್, ಆನ್-ಬೇಸ್ 371, 1992ರಲ್ಲಿ ಬಿದ್ದ ಮತ 11. ಕೆನಿ ಲಾಫ್ಟನ್, 622 ಬೇಸ್ ಕದ್ದ, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿ ತಲುಪಿದ, ಸೆಂಟರ್ ಫೀಲ್ಡರ್, ನಾಲ್ಕು ಗೋಲ್ಡ್ ಗ್ಲವ್, 2013ರಲ್ಲಿ ಶೇಕಡಾ 3.2. ಆ 2013ರ ಮತಪತ್ರದ ಕಥೆಯೇ ಬೇರೆ. ಬ್ಯಾರಿ ಬಾಂಡ್ಸ್, ರೋಜರ್ ಕ್ಲೆಮೆನ್ಸ್, ಮೈಕ್ ಪಿಯಾಜಾ, ಕ್ರೇಗ್ ಬಿಜಿಯೊ ಎಲ್ಲರೂ ಅದೇ ವರ್ಷ ಮೊದಲ ಸಲ ಬಂದರು. ಉದ್ದೀಪನ ಮದ್ದಿನ ವಿವಾದದಿಂದ ಮತಗಳು ಚದುರಿ ಯಾರೂ 75 ಮುಟ್ಟಲಿಲ್ಲ. ಹತ್ತೇ ಹೆಸರಿನ ಮಿತಿಯಿರುವಾಗ ಹನ್ನೊಂದನೆಯವನಾಗಿ ಎಷ್ಟು ಜನರ ಮನಸ್ಸಿನಲ್ಲಿದ್ದರೂ ಪ್ರಯೋಜನವಿಲ್ಲ. ಆ ಬೇಸಿಗೆಯ ಸಮಾರಂಭದಲ್ಲಿ, ಸಮಿತಿಯಿಂದ ಆಯ್ಕೆಯಾಗಿ, ಹೊಸದಾಗಿ ಸೇರಿದ ಮೂವರೂ ಬಹಳ ಹಿಂದೆ ತೀರಿಕೊಂಡವರು. ಬದುಕಿದ್ದ ಲಾಫ್ಟನ್ ಮಾತ್ರ ಪಟ್ಟಿಯಿಂದಲೇ ಹೊರಗೆ.

ಹಾಗಾದರೆ ಹೊರಬಿದ್ದವರಿಗೆ ಬೇರೆ ದಾರಿ ಇಲ್ಲವೇ? ಇದೆ. ಆಟಗಾರರು ಆಡಿದ ಕಾಲದ ಪ್ರಕಾರ ಸರದಿಯಂತೆ ಕೂರುವ ಎರಾ ಕಮಿಟಿ ಎಂಬ ಸಮಿತಿಗಳಿವೆ. ಒಂದು ಸಮಿತಿಯಲ್ಲಿ 16 ಜನ, ಪಟ್ಟಿಯಲ್ಲಿ 8 ಹೆಸರು, ಆಯ್ಕೆಗೆ 12 ಮತ ಬೇಕು. 2022ರಿಂದ ಒಬ್ಬ ಸದಸ್ಯ ಮೂರು ಹೆಸರಿಗಿಂತ ಹೆಚ್ಚಿಗೆ ಮತ ಹಾಕುವಂತಿಲ್ಲ. ಲೆಕ್ಕ ಹಾಕಿ ನೋಡಿ: 16 ಜನ, ತಲಾ 3, ಒಟ್ಟು 48 ಮತ. 2022ರ ಡಿಸೆಂಬರ್‌ನಲ್ಲಿ ಫ್ರೆಡ್ ಮೆಕ್‌ಗ್ರಿಫ್‌ಗೆ ಹದಿನಾರೂ ಬಿದ್ದವು. ಉಳಿದ ಏಳು ಜನರಿಗೆ 32. ಮತಗಳು ಸ್ವಲ್ಪ ಹಂಚಿಹೋದರೂ ಸಾಕು, ಎರಡನೆಯವರು 12 ತಲುಪುವುದಿಲ್ಲ. ಆಗಿದ್ದೂ ಹಾಗೇ, ಡಾನ್ ಮ್ಯಾಟಿಂಗ್ಲಿ 8ಕ್ಕೆ ನಿಂತರು. 2025ರ ಡಿಸೆಂಬರ್‌ನಲ್ಲೂ ಜೆಫ್ ಕೆಂಟ್ 14 ಮತದಿಂದ ಒಳಗೆ ಹೋದರು, ಬೇರೆ ಯಾರೂ ಇಲ್ಲ. ಆ ಸಲ ಕಾರ್ಲೋಸ್ ಡೆಲ್ಗಾಡೊಗೆ 9 ಬಿತ್ತು. ಇದೇ ಡೆಲ್ಗಾಡೊ 2015ರಲ್ಲಿ ಬರಹಗಾರರಿಂದ ಶೇಕಡಾ 3.8 ಪಡೆದು ಒಂದೇ ವರ್ಷಕ್ಕೆ ಹೊರಬಿದ್ದವರು. ಹತ್ತು ವರ್ಷದ ನಂತರ, ಹತ್ತಿರ ಕೂತು ಚರ್ಚಿಸಿದಾಗ, 16ರಲ್ಲಿ 9 ಜನ ಒಪ್ಪಿದರು.

ಸಮಿತಿಗೆ ಹೆಚ್ಚು ಅಧಿಕಾರ ಕೊಡಬೇಡಿ ಎನ್ನುವವರ ಭಯಕ್ಕೆ ಕಾರಣವಿದೆ, ಅದನ್ನು ಮರೆಮಾಚುವುದಿಲ್ಲ. 1970ರ ದಶಕದ ಆರಂಭದಲ್ಲಿ ಮಾಜಿ ಆಟಗಾರರಾದ ಫ್ರಾಂಕಿ ಫ್ರಿಶ್, ಬಿಲ್ ಟೆರಿ ಸಮಿತಿಯಲ್ಲಿದ್ದಾಗ ಅವರ ಹಳೆಯ ಜೊತೆಗಾರರು ಸಾಲುಸಾಲಾಗಿ ಒಳಗೆ ಬಂದರು. 2018ರ ಡಿಸೆಂಬರ್‌ನಲ್ಲಿ ಹೆರಾಲ್ಡ್ ಬೇನ್ಸ್ ಆಯ್ಕೆಯಾದಾಗ ಅವರ ಹಳೆಯ ಮ್ಯಾನೇಜರ್ ಟೋನಿ ಲಾ ರೂಸಾ, ಹಳೆಯ ತಂಡದ ಮಾಲೀಕ ಜೆರಿ ರೈನ್ಸ್‌ಡಾರ್ಫ್ ಇಬ್ಬರೂ ಸಮಿತಿಯಲ್ಲಿದ್ದರು. ಬರಹಗಾರರ ಮತದಲ್ಲಿ ಬೇನ್ಸ್ ಎಂದೂ ಶೇಕಡಾ 6.1 ದಾಟಿದವರಲ್ಲ. ಹೀಗಾಗಿ ‘ಬೇನ್ಸ್ ಇದ್ದಾರಲ್ಲ, ಇವರೇಕೆ ಬೇಡ’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಒಳಗಿರುವವರಲ್ಲಿ ಕೊನೆಯವನ ಜೊತೆ ಹೋಲಿಸಿದರೆ ನೂರಾರು ಜನ ಅರ್ಹರಾಗಿಬಿಡುತ್ತಾರೆ. ಅದೇ ಸ್ಥಾನದಲ್ಲಿ ಆಡಿ ಆಯ್ಕೆಯಾದವರ ಸರಾಸರಿಯ ಜೊತೆ ಹೋಲಿಸಬೇಕು. ಇಡೀ ವೃತ್ತಿಜೀವನದ ಮೊತ್ತ ಒಂದು, ಅತ್ಯುತ್ತಮ ಏಳು ವರ್ಷಗಳ ಮೊತ್ತ ಒಂದು, ಎರಡರ ಸರಾಸರಿ ತೆಗೆಯುವ ಪದ್ಧತಿ ಈಗ ಚಾಲ್ತಿಯಲ್ಲಿದೆ. ಈ ಕಠಿಣ ಪರೀಕ್ಷೆಯಲ್ಲೂ ವಿಟೇಕರ್ ಸೆಕೆಂಡ್ ಬೇಸ್‌ಮನ್‌ಗಳ ಸರಾಸರಿಗೆ ಸರಿಸಮ ನಿಲ್ಲುತ್ತಾರೆ.

ಕಪ್ಪು ಆಟಗಾರರಿಗೆಂದೇ ಇದ್ದ ನೀಗ್ರೊ ಲೀಗ್‌ಗಳ ಆಟಗಾರರಿಗೆ ಆದ ಅನ್ಯಾಯದ ಮೂಲ ಬೇರೆ. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ಬಣ್ಣದ ಕಾರಣಕ್ಕೆ ಅವರಿಗೆ ಮೇಜರ್ ಲೀಗಿನ ಬಾಗಿಲೇ ಮುಚ್ಚಿತ್ತು. ಜಾನ್ ಡೊನಾಲ್ಡ್‌ಸನ್ ಎಂಬ ಎಡಗೈ ಪಿಚರ್ ಊರೂರು ಸುತ್ತಿ ಆಡಿದವರು. ಸಂಶೋಧಕರು ಸಣ್ಣ ಊರುಗಳ ಹಳೆಯ ಪತ್ರಿಕೆಗಳನ್ನು ಜಾಲಾಡಿ ಅವರ 400ಕ್ಕೂ ಹೆಚ್ಚು ಗೆಲುವುಗಳನ್ನು ದಾಖಲಿಸಿದ್ದಾರೆ. 2024ರ ಡಿಸೆಂಬರ್‌ನ ಪಟ್ಟಿಯಲ್ಲಿ ಹೆಸರಿತ್ತು, ಆಯ್ಕೆಯಾಗಲಿಲ್ಲ. ಇಂಥವರನ್ನು ಇತರರ ಜೊತೆ ಅದೇ ಮೂರು ಮತಗಳಿಗೆ ಪೈಪೋಟಿ ಮಾಡಿಸುವುದು ಸರಿಯಲ್ಲ, ಪ್ರತ್ಯೇಕ ಸಮಿತಿ ಬೇಕು.

ತಡವಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ರಾನ್ ಸ್ಯಾಂಟೊ 2010ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಆಯ್ಕೆಯಾದದ್ದು 2011ರ ಡಿಸೆಂಬರ್‌ನಲ್ಲಿ. ಡಿಕ್ ಆಲೆನ್ 2014ರಲ್ಲಿ 11 ಮತ ಪಡೆದು ಒಂದೇ ಮತದಿಂದ ಸೋತರು, 2020ರಲ್ಲಿ ತೀರಿಕೊಂಡರು, 2021ರಲ್ಲಿ ಮತ್ತೆ ಒಂದೇ ಮತ ಕಡಿಮೆಯಾಯಿತು, 2024ರಲ್ಲಿ ಗೆದ್ದರು. ಅದೇ ದಿನ ಆಯ್ಕೆಯಾದ ಡೇವ್ ಪಾರ್ಕರ್ ಸಮಾರಂಭಕ್ಕೆ ಒಂದು ತಿಂಗಳಿರುವಾಗ, 2025ರ ಜೂನ್‌ನಲ್ಲಿ, ಕಣ್ಣುಮುಚ್ಚಿದರು.

ಮಾಡಬೇಕಾದ ಬದಲಾವಣೆ ದೊಡ್ಡದೇನಲ್ಲ. ಮೊದಲ ಎರಡು ವರ್ಷ ಶೇಕಡಾ 5ರ ಗೆರೆ ಅನ್ವಯವಾಗದಿರಲಿ. ಸಮಿತಿಯ ಸದಸ್ಯರಿಗೆ ಮೂರರ ಬದಲು ನಾಲ್ಕು ಮತ ಇರಲಿ. 2019ರಲ್ಲಿ ನಾಲ್ಕೇ ಇತ್ತು. ಆ ಸಲ ಇಬ್ಬರು ಆಯ್ಕೆಯಾದರು, ರೆಡ್ ಸಾಕ್ಸ್‌ನ ಡ್ವೈಟ್ ಎವಾನ್ಸ್‌ಗೆ 8, ವಿಟೇಕರ್‌ಗೆ 6 ಬಿದ್ದವು. ವಿಚಿತ್ರವೆಂದರೆ, ಅಷ್ಟು ಮತ ಪಡೆದ ಇವರಿಬ್ಬರನ್ನೂ 2022ರಲ್ಲಾಗಲಿ 2025ರಲ್ಲಾಗಲಿ ಪಟ್ಟಿಗೇ ಸೇರಿಸಲಿಲ್ಲ. ನಿಜವಾದ ಬಾಗಿಲು ಅಲ್ಲಿದೆ. ಆ ಎಂಟು ಹೆಸರು ಯಾವುವೆಂದು ತೀರ್ಮಾನಿಸುವ ಬರಹಗಾರರ ತಂಡವೇ ಬೇರೆ.

1980ರ ನಂತರದ ಆಟಗಾರರ ಸರದಿ ಮತ್ತೆ ಬರುವುದು 2028ರ ಡಿಸೆಂಬರ್‌ನಲ್ಲಿ. ಹೊಸ ನಿಯಮದ ಪ್ರಕಾರ 2025ರಲ್ಲಿ ಐದಕ್ಕಿಂತ ಕಡಿಮೆ ಮತ ಪಡೆದ ಬಾಂಡ್ಸ್, ಕ್ಲೆಮೆನ್ಸ್, ಗ್ಯಾರಿ ಶೆಫೀಲ್ಡ್, ಫರ್ನಾಂಡೊ ವಲೆನ್ಜುವೆಲಾ ಆ ಸಲ ಪಟ್ಟಿಯಲ್ಲಿ ಇರುವಂತಿಲ್ಲ. ಕೆಂಟ್ ಆಯ್ಕೆಯಾಗಿದ್ದಾರೆ. ಅಂದರೆ ಎಂಟರಲ್ಲಿ ಐದು ಜಾಗ ಖಾಲಿ. ಮ್ಯಾನಿ ರಮಿರೆಜ್‌ರಂತೆ ಬರಹಗಾರರ ಮತದಲ್ಲಿ ಹತ್ತು ವರ್ಷ ಮುಗಿಸಿದವರೂ ಆ ಜಾಗಗಳಿಗೆ ಬರುತ್ತಾರೆ. ಆದರೂ ಅವುಗಳಲ್ಲಿ ಮೂರು ಜಾಗ ವಿಟೇಕರ್, ಎವಾನ್ಸ್, ಲಾಫ್ಟನ್ ಅವರಿಗೆ ಸಲ್ಲಬೇಕು. ಅಷ್ಟು ಹೊತ್ತಿಗೆ ವಿಟೇಕರ್‌ಗೆ 71 ವರ್ಷ, ಎವಾನ್ಸ್‌ಗೆ 77 ವರ್ಷ ಆಗಿರುತ್ತದೆ.

ನಮಸ್ಕಾರ.