ಸ್ಕೂಟರಿಗೆ ಹೊಸ ಟೈರು ಆರಿಸುವಾಗ ನಾನು ನೋಡಿದ್ದೇನು

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವುದು ನನ್ನ ಸ್ಕೂಟರಿನ ಹಿಂದಿನ ಟೈರು. ನಿಂತು ನೋಡಿದರೆ ಇದರಲ್ಲಿ ಇನ್ನೂ ಸಾಕಷ್ಟು ಆಯಸ್ಸು ಉಳಿದಿದೆ ಎನಿಸುತ್ತದೆ. ಅಂಚಿನ ಕಡೆಯ ತೋಡುಗಳು ಆಳವಾಗಿಯೇ ಇವೆ, ಪಕ್ಕದ ಗೋಡೆಯ ಮೇಲಿನ ಅಕ್ಷರಗಳೂ ಮಾಸಿಲ್ಲ. ಆದರೆ ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿ ಹಿಂಬದಿಯಿಂದ ನೋಡಿದಾಗ, ದುಂಡಗಿರಬೇಕಾದ ಟೈರಿನ ಮೈ ನಡುವೆ ಚಪ್ಪಟೆಯಾಗಿರುವುದು ಎದ್ದು ಕಾಣುತ್ತದೆ. ದಿನದ ಬಹುಪಾಲು ನೇರ ರಸ್ತೆಯಲ್ಲೇ ಓಡುವ ಗಾಡಿಯ ಟೈರು ನಡುಭಾಗದಲ್ಲೇ ಸವೆಯುವುದು ಸಹಜ. ತೊಂದರೆ ತೋರುವುದು ತಿರುವಿನಲ್ಲಿ: ಚಪ್ಪಟೆಯಾದ ಭಾಗದ ಅಂಚನ್ನು ದಾಟುವವರೆಗೂ ಗಾಡಿ ವಾಲಲು ಹಿಂದೇಟು ಹಾಕುತ್ತದೆ, ದಾಟಿದ ಕೂಡಲೇ ಬಯಸಿದ್ದಕ್ಕಿಂತ ಹೆಚ್ಚು ವಾಲಿಬಿಡುತ್ತದೆ. ಕೆಲವು ವಾರಗಳಿಂದ ನನಗೆ ಹೀಗೇ ಆಗುತ್ತಿದ್ದುದರಿಂದ ಟೈರು ಬದಲಿಸುವುದೆಂದು ತೀರ್ಮಾನಿಸಿದೆ.

ಟೈರು ಎಷ್ಟು ಸವೆದಿದೆ ಎಂಬುದನ್ನು ಕಣ್ಣಳತೆಗೆ ಬಿಡಬೇಕಾಗಿಲ್ಲ. ಪಕ್ಕದ ಗೋಡೆಯ ಮೇಲಂಚಿನಲ್ಲಿ ಟಿಡಬ್ಲ್ಯುಐ ಎಂಬ ಮೂರು ಅಕ್ಷರಗಳನ್ನಾಗಲಿ ಒಂದು ಸಣ್ಣ ತ್ರಿಕೋನವನ್ನಾಗಲಿ ಅಚ್ಚೊತ್ತಿರುತ್ತಾರೆ, ಅದರ ನೇರಕ್ಕೆ ತೋಡಿನ ತಳದಲ್ಲಿ ಒಂದು ಪುಟ್ಟ ದಿಬ್ಬವಿರುತ್ತದೆ. ದ್ವಿಚಕ್ರ ವಾಹನಗಳ ಟೈರುಗಳಲ್ಲಿ ಈ ದಿಬ್ಬದ ಎತ್ತರ ಸಾಮಾನ್ಯವಾಗಿ 0.8 ಮಿಲಿಮೀಟರು. ಸುತ್ತಲಿನ ರಬ್ಬರು ಸವೆದು ದಿಬ್ಬದ ಮಟ್ಟಕ್ಕೆ ಬಂದಿತೆಂದರೆ ಟೈರಿನ ಕೆಲಸ ಮುಗಿದಂತೆ. ಕಾನೂನು ಒಪ್ಪುವ ಕನಿಷ್ಠ ಆಳ ಕೆಲವು ದೇಶಗಳಲ್ಲಿ 0.8, ಕೆಲವೆಡೆ 1, ಮತ್ತೆ ಕೆಲವೆಡೆ 1.6 ಮಿಲಿಮೀಟರು. ಒದ್ದೆ ರಸ್ತೆಯಲ್ಲಿ ಓಡಿಸುವವರು ಈ ಕನಿಷ್ಠ ಮಿತಿ ಮುಟ್ಟುವವರೆಗೆ ಕಾಯಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ನೀರನ್ನು ಬದಿಗೆ ಸಾಗಿಸುವ ಶಕ್ತಿ ತೋಡಿನ ಆಳದೊಂದಿಗೆ ಸ್ವಲ್ಪಸ್ವಲ್ಪವಾಗಿ ಕುಗ್ಗುತ್ತ ಬರುತ್ತದೆಯೇ ಹೊರತು ಕೊನೆಯ ದಿನ ಒಮ್ಮೆಲೇ ಇಲ್ಲವಾಗುವುದಿಲ್ಲ.

ಸ್ಕೂಟರಿನ ಟೈರು ಬೈಕಿನ ಟೈರಿಗಿಂತ ಬೇಗ ಸವೆಯುತ್ತದೆ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಇದಕ್ಕೆ ಚಕ್ರದ ಗಾತ್ರವೇ ಬಹುಮಟ್ಟಿಗೆ ಕಾರಣ. ನನ್ನ ಟೈರಿನ ಅಳತೆ 90/100-10. ಅದರ ಒಟ್ಟು ವ್ಯಾಸ ಸುಮಾರು 434 ಮಿಲಿಮೀಟರು. ಒಂದು ಕಿಲೋಮೀಟರು ಸಾಗಲು ಈ ಚಕ್ರ ಹತ್ತಿರಹತ್ತಿರ 730 ಸುತ್ತು ಸುತ್ತಬೇಕು. 80/100-17 ಅಳತೆಯ ಬೈಕಿನ ಚಕ್ರಕ್ಕೆ ಅದೇ ದೂರಕ್ಕೆ 540 ಸುತ್ತು ಸಾಕು. ರಬ್ಬರಿನ ಪ್ರತಿಯೊಂದು ಭಾಗವೂ ರಸ್ತೆಯನ್ನು ಮೂರನೇ ಒಂದರಷ್ಟು ಹೆಚ್ಚು ಬಾರಿ ಮುಟ್ಟಿ, ಬಾಗಿ, ಬಿಸಿಯಾಗುತ್ತದೆ. ಹೆಚ್ಚಿನ ಸ್ಕೂಟರುಗಳಲ್ಲಿ ಎಂಜಿನ್ ಹಿಂದಿನ ಚಕ್ರದ ಪಕ್ಕದಲ್ಲೇ ಇರುವುದರಿಂದ, ಅದರ ಭಾರ, ಕುಳಿತವರ ಭಾರದ ಹೆಚ್ಚಿನ ಪಾಲು, ಗಾಡಿಯನ್ನು ಮುಂದಕ್ಕೆ ತಳ್ಳುವ ಬಲ, ಇವೆಲ್ಲವೂ ಹಿಂದಿನ ಟೈರಿನ ಮೇಲೇ ಬೀಳುತ್ತವೆ.

ಈಗ ಅಳತೆಯನ್ನು ಓದೋಣ. 90 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 100 ಎಂಬುದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬ ಲೆಕ್ಕ. ಇಲ್ಲಿ ನೂರಕ್ಕೆ ನೂರು, ಅಂದರೆ 90 ಮಿಲಿಮೀಟರೇ. ಕೊನೆಯ 10 ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾವಾರು, ಇಂಚು ಮೂರೂ ಬೆರೆತಿರುವುದು ವಿಚಿತ್ರವೇ, ಆದರೆ ಜಗತ್ತು ಅದಕ್ಕೆ ಒಗ್ಗಿಕೊಂಡಿದೆ. ನಡುವಿನ ಅಡ್ಡಗೆರೆಯ ಜಾಗದಲ್ಲಿ ಆರ್ ಅಕ್ಷರವಿದ್ದರೆ ಅದು ರೇಡಿಯಲ್ ಟೈರು, ಅಂದರೆ ಒಳಗಿನ ದಾರದ ಪದರಗಳು ಓರೆಯಾಗಿರದೆ ಒಂದಂಚಿನಿಂದ ಇನ್ನೊಂದಂಚಿಗೆ ನೇರವಾಗಿ ಹಾಯ್ದಿರುವ ಟೈರು. ಸಣ್ಣ ಸ್ಕೂಟರುಗಳಿಗೆ ಬರುವ ಬಹುತೇಕ ಟೈರುಗಳಲ್ಲಿ ಅಡ್ಡಗೆರೆಯೇ ಇರುತ್ತದೆ. ಹಳೆಯ ಮಾದರಿಗಳಲ್ಲಿ 3.50-10 ಎಂಬಂತೆ ಎರಡೂ ಅಂಕೆಗಳು ಇಂಚಿನಲ್ಲೇ ಇರುವುದುಂಟು.

ಟೈರು ಬದಲಿಸುವ ಮಾತು ಬಂದ ಕೂಡಲೇ, ಒಂದು ಅಳತೆ ಅಗಲವಾದದ್ದನ್ನು ಹಾಕಿಸಿದರೆ ಹಿಡಿತ ಹೆಚ್ಚುತ್ತದೆ, ಗಾಡಿಯೂ ದಷ್ಟಪುಷ್ಟವಾಗಿ ಕಾಣುತ್ತದೆ ಎಂಬ ಸಲಹೆ ನನಗೂ ಸಿಕ್ಕಿತು. ಈ ಸಲಹೆಯನ್ನು ಸುಮ್ಮನೆ ತಳ್ಳಿಹಾಕದೆ ಲೆಕ್ಕ ಹಾಕಿ ನೋಡಿದೆ. 100/90-10 ಟೈರಿನ ಪಕ್ಕದ ಗೋಡೆ ನೂರರ ಶೇಕಡಾ ತೊಂಬತ್ತು, ಅಂದರೆ ಮತ್ತೆ 90 ಮಿಲಿಮೀಟರು; ಆದ್ದರಿಂದ ಒಟ್ಟು ವ್ಯಾಸ ಹಿಂದಿನಷ್ಟೇ 434. ಕಾಗದದ ಮೇಲೆ ಇದು ಸರಿಹೊಂದುವಂತೆಯೇ ತೋರುತ್ತದೆ. ಆದರೆ ರಿಮ್ಮಿನ ಅಗಲ ಬದಲಾಗಿಲ್ಲವಲ್ಲ! ಕಿರಿದಾದ ರಿಮ್ಮಿಗೆ ಅಗಲ ಟೈರನ್ನು ಕೂರಿಸಿದಾಗ ಅದರ ಎರಡೂ ಅಂಚುಗಳು ಒಳಕ್ಕೆ ಒತ್ತಲ್ಪಟ್ಟು ಮೇಲ್ಮೈ ಇನ್ನಷ್ಟು ಉಬ್ಬುತ್ತದೆ. ನೇರ ಓಟದಲ್ಲಿ ರಸ್ತೆಗೆ ತಾಗುವ ಭಾಗ ನಿರೀಕ್ಷಿಸಿದಷ್ಟು ಹೆಚ್ಚುವುದಿಲ್ಲ, ಗಾಡಿ ವಾಲುವ ಸ್ವಭಾವ ಮಾತ್ರ ಬದಲಾಗುತ್ತದೆ. ಜೊತೆಗೆ ಸ್ಕೂಟರಿನ ಹಿಂದಿನ ಚಕ್ರದ ಒಂದು ಪಕ್ಕದಲ್ಲಿ ಬೆಲ್ಟಿನ ಪೆಟ್ಟಿಗೆ, ಮೇಲೆ ಮಡ್‌ಗಾರ್ಡ್, ಮತ್ತೊಂದು ಪಕ್ಕದಲ್ಲಿ ಸೈಲೆನ್ಸರ್ ಇರುವುದರಿಂದ ಅಲ್ಲಿ ಬಿಟ್ಟಿರುವ ತೆರಪು ಮೊದಲೇ ಅಲ್ಪ. ಗಾಡಿ ನಿಂತಾಗ ತಾಗದ ಟೈರು, ಇಬ್ಬರು ಕುಳಿತು ಗುಂಡಿಗೆ ಇಳಿದಾಗ ತಾಗಬಹುದು. ತಯಾರಕರ ಕೈಪಿಡಿಯಲ್ಲಿ ಎರಡನೆಯ ಅಳತೆಯನ್ನೂ ನಮೂದಿಸಿದ್ದರೆ ಅದು ಬೇರೆ ಮಾತು. ನನ್ನ ಕೈಪಿಡಿಯಲ್ಲಿ ಇರಲಿಲ್ಲವಾದ್ದರಿಂದ ಇದ್ದ ಅಳತೆಗೇ ನಿಂತೆ. ಇದಕ್ಕೆ ವಿರುದ್ಧವಾಗಿ, ಸಿಕ್ಕಿತೆಂದು ಮುಂದಿನ ಚಕ್ರಕ್ಕೆ 90/90-10 ಹಾಕಿದರೆ ವ್ಯಾಸ 416 ಮಿಲಿಮೀಟರಿಗೆ ಇಳಿಯುತ್ತದೆ. ವೇಗವನ್ನು ಮುಂದಿನ ಚಕ್ರದಿಂದ ಅಳೆಯುವ ಸ್ಕೂಟರಿನಲ್ಲಿ ಮುಳ್ಳು ಆಗ ನಿಜ ವೇಗಕ್ಕಿಂತ ಶೇಕಡಾ ನಾಲ್ಕರಷ್ಟು ಹೆಚ್ಚು ತೋರಿಸುತ್ತದೆ.

ಅಳತೆಯ ನಂತರ ಬರುವ 53ಜೆ ಎಂಬ ಗುರುತನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. 53 ಎಂಬುದು ಭಾರದ ಸಂಕೇತ, 206 ಕಿಲೋ ಎಂದರ್ಥ. 51 ಆಗಿದ್ದರೆ 195 ಕಿಲೋ. ಜೆ ಎಂಬುದು ಗಂಟೆಗೆ 100 ಕಿಲೋಮೀಟರು ವೇಗದ ಮಿತಿ, ಎಲ್ ಇದ್ದರೆ 120, ಪಿ ಇದ್ದರೆ 150. ಮೂಲ ಟೈರಿಗಿಂತ ಈ ಎರಡೂ ಕಡಿಮೆಯಾಗಬಾರದು, ಹೆಚ್ಚಾದರೆ ಅಡ್ಡಿಯಿಲ್ಲ. ಬ್ಯಾಟರಿಯ ಭಾರ ಹೊತ್ತ ಎಲೆಕ್ಟ್ರಿಕ್ ಸ್ಕೂಟರು ಇರುವವರು ಭಾರದ ಸಂಕೇತವನ್ನು ಎರಡು ಬಾರಿ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ನಾನು ಅತಿ ಹೆಚ್ಚು ಸಮಯ ಕಳೆದ ವಿಷಯ, ರಬ್ಬರಿನ ಗುಣ. ಮೆತ್ತನೆಯ ರಬ್ಬರು ಚೆನ್ನಾಗಿ ಅಳಿಸುತ್ತದೆ, ಬೇಗ ಕರಗುತ್ತದೆ ಎಂಬುದು ಪೆನ್ಸಿಲ್ ಹಿಡಿದ ಮಕ್ಕಳಿಗೂ ಗೊತ್ತು. ಟೈರಿನಲ್ಲೂ ಅದೇ ಕಥೆ. ಮೆತ್ತನೆಯ ರಬ್ಬರು ರಸ್ತೆಯ ಮೇಲ್ಮೈಯ ಸೂಕ್ಷ್ಮ ಏರುತಗ್ಗುಗಳೊಳಕ್ಕೆ ಇಳಿದು ಹಿಡಿದುಕೊಳ್ಳುತ್ತದೆ. ಗಡಸು ರಬ್ಬರು ಅವುಗಳ ಮೇಲೆ ಜಾರುತ್ತ ಹೋಗುತ್ತದೆ, ಆದ್ದರಿಂದಲೇ ಹೆಚ್ಚು ದೂರ ಬಾಳುತ್ತದೆ. ಅಂಗಡಿಯ ಕಪಾಟಿನಲ್ಲಿರುವ ಟೈರುಗಳನ್ನು ಸ್ಥೂಲವಾಗಿ ಹೆಚ್ಚು ಬಾಳಿಕೆಯವು, ಹೆಚ್ಚು ಹಿಡಿತದವು ಎಂದು ವಿಂಗಡಿಸಬಹುದಾದರೂ ಈ ಎರಡನ್ನೂ ಹೊಂದಿಸುವ ಪ್ರಯತ್ನಗಳು ನಡೆದಿವೆ. ಸವೆಯುವ ನಡುಭಾಗಕ್ಕೆ ಗಡಸು ರಬ್ಬರನ್ನೂ ವಾಲುವಾಗ ಬೇಕಾಗುವ ಅಂಚಿಗೆ ಮೆತ್ತನೆಯದನ್ನೂ ಹಾಕಿ ತಯಾರಿಸುವ ಟೈರುಗಳಿವೆ. ರಬ್ಬರಿಗೆ ಬೆರೆಸುವ ಇಂಗಾಲದ ಕಪ್ಪು ಪುಡಿಯ ಬದಲು ಒಂದಷ್ಟು ಸಿಲಿಕಾ ಬೆರೆಸಿದರೆ ಒದ್ದೆ ರಸ್ತೆಯ ಹಿಡಿತ ಹೆಚ್ಚಿ, ಉರುಳುವಾಗ ವ್ಯರ್ಥವಾಗುವ ಶಕ್ತಿ ಕಡಿಮೆಯಾಗುತ್ತದೆ. 1992ರಲ್ಲಿ ಮಿಶೆಲಿನ್ ಕಂಪನಿ ಕಾರಿನ ಟೈರುಗಳಲ್ಲಿ ಬಳಕೆಗೆ ತಂದ ಈ ವಿಧಾನ ಇಂದು ಒಳ್ಳೆಯ ಸ್ಕೂಟರ್ ಟೈರುಗಳಲ್ಲೂ ಇದೆ.

ಆಯ್ಕೆ ಮಾಡುವಾಗ ನಾನು ಹಿಡಿತವನ್ನೇ ಆರಿಸಿದೆ, ಅದಕ್ಕೆ ಕಾರಣವೂ ಇದೆ. ಸ್ಕೂಟರಿನ ಚಕ್ರ ಚಿಕ್ಕದು, ರಸ್ತೆಗೆ ತಾಗುವ ಜಾಗವೂ ಚಿಕ್ಕದು. ತಿರುವಿನಲ್ಲಿ ಮರಳು ಸಿಕ್ಕರೂ, ಒದ್ದೆಯಾದ ಬಿಳಿ ಪಟ್ಟಿ ಸಿಕ್ಕರೂ ಸಾವರಿಸಿಕೊಳ್ಳಲು ಉಳಿಯುವ ಅವಕಾಶ ಅತ್ಯಲ್ಪ. ಬಾಳಿಕೆಯಲ್ಲಿ ಕಳೆದುಕೊಳ್ಳುವುದೇನಿದ್ದರೂ ಟೈರನ್ನು ಸ್ವಲ್ಪ ಮುಂಚಿತವಾಗಿ ಬದಲಿಸಬೇಕಾದ ಖರ್ಚಷ್ಟೇ. ದಿನವಿಡೀ ಸಾಮಾನು ತಲುಪಿಸುವ ಕೆಲಸದಲ್ಲಿರುವವರ ಲೆಕ್ಕ ಬೇರೆಯಾಗಿರಬಹುದು, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಡಾಂಬರು ರಸ್ತೆಯಲ್ಲೇ ಓಡುವ ಸ್ಕೂಟರಿಗೆ ದಪ್ಪ ಗಟ್ಟಿಗಳಿರುವ ಕಚ್ಚಾರಸ್ತೆಯ ಟೈರು ಹಾಕಿಸಿ, ಸದ್ದನ್ನೂ ಅದುರಾಟವನ್ನೂ ಸಹಿಸಿಕೊಳ್ಳುವುದರ ಅರ್ಥ ನನಗೆ ಇಂದಿಗೂ ಹೊಳೆದಿಲ್ಲ.

ಟ್ಯೂಬ್‌ಲೆಸ್ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ನಮ್ಮ ಇಷ್ಟವಲ್ಲ, ಗಾಡಿಯ ರಿಮ್ಮು. 1946ರಲ್ಲಿ ಬಂದ ಮೊದಲ ವೆಸ್ಪಾದಂಥ ಹಳೆಯ ಸ್ಕೂಟರುಗಳಲ್ಲಿ ರಿಮ್ಮನ್ನು ಎರಡು ಹೋಳುಗಳಾಗಿ ಮಾಡಿ ಬೋಲ್ಟುಗಳಿಂದ ಜೋಡಿಸುತ್ತಿದ್ದರು. ಅಂಥ ರಿಮ್ಮಿನ ಜೋಡಣೆಯ ಸಂದಿನಲ್ಲಿ ಗಾಳಿ ನಿಲ್ಲದ ಕಾರಣ ಟ್ಯೂಬು ಅನಿವಾರ್ಯ. ಒಂದೇ ತುಂಡಿನ, ಅದಕ್ಕೆಂದೇ ರೂಪಿಸಿದ ರಿಮ್ಮಾದರೆ ಟ್ಯೂಬ್‌ಲೆಸ್ ಹಾಕಬಹುದು. ಮೊಳೆ ಚುಚ್ಚಿದಾಗ ಗಾಳಿ ಒಮ್ಮೆಲೇ ಇಳಿಯದೆ ನಿಧಾನವಾಗಿ ಸೋರುವುದೇ ಅದರ ದೊಡ್ಡ ಅನುಕೂಲ. ಬ್ರೇಕು ಹಿಡಿದು ಬದಿಗೆ ನಿಲ್ಲಿಸಲು ಸಮಯ ಸಿಗುತ್ತದೆ. ಪಕ್ಕದ ಗೋಡೆಯಲ್ಲೇ ತೂತು ಬಿದ್ದರೆ ಮಾತ್ರ ಅದನ್ನು ಮುಚ್ಚಿಸಿಕೊಂಡು ಓಡಿಸುವ ವಿಚಾರ ಬಿಟ್ಟುಬಿಡಬೇಕು, ಏಕೆಂದರೆ ಚಕ್ರದ ಪ್ರತಿ ಸುತ್ತಿಗೂ ಬಾಗುವ ಆ ಜಾಗದಲ್ಲಿ ಯಾವ ಬೆಸುಗೆಯೂ ನಿಲ್ಲುವುದಿಲ್ಲ.

ಕೊಳ್ಳುವ ಮೊದಲು ತಯಾರಿಕೆಯ ದಿನಾಂಕ. ಇಲ್ಲಿ ಹತ್ತಿರದಿಂದ ತೋರಿಸುತ್ತಿದ್ದೇನೆ ನೋಡಿ, ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕೆಗಳು. 3224 ಎಂದಿದ್ದರೆ 2024ನೆಯ ಇಸವಿಯ 32ನೆಯ ವಾರ. ರಬ್ಬರು ಬಳಸದೆ ಇಟ್ಟರೂ ಗಡಸಾಗುತ್ತದೆ. ಬಿಸಿಲು, ಶಾಖ ಮತ್ತು ಗಾಳಿಯಲ್ಲಿನ ಓಝೋನ್ ಸೇರಿ ಅದರಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಮೂಡಿಸುತ್ತವೆ. ಕತ್ತಲೆಯ ತಂಪು ಜಾಗದಲ್ಲಿ ಕೆಲವು ತಿಂಗಳು ಇದ್ದ ಟೈರಿನಿಂದ ತೊಂದರೆಯೇನೂ ಇಲ್ಲ. ಆದರೆ ಮೂರ್ನಾಲ್ಕು ವರ್ಷ ಹಳೆಯದನ್ನು ಹೊಸತೆಂದು ಪೂರ್ಣ ಬೆಲೆಗೆ ಕೊಡುತ್ತಿದ್ದರೆ ಬೇರೆಯದನ್ನು ಕೇಳಲು ಸಂಕೋಚ ಬೇಡ. ನಾನಂತೂ ಟೈರಿನ ಮೇಲಿನ ಕಾಗದದ ಸುತ್ತನ್ನು ಬಿಡಿಸಿಯೇ ನೋಡಿದೆ.

ಇದೇ ಕಾರಣಕ್ಕೆ ನನ್ನ ಮುಂದಿನ ಟೈರೂ ಬದಲಾಯಿತು. ಅದರ ತೋಡುಗಳಲ್ಲಿ ಆಳ ಬೇಕಾದಷ್ಟಿತ್ತು, ಆದರೆ ವರ್ಷಗಳು ಕಳೆದು ಉಗುರು ಊರದಷ್ಟು ಗಡಸಾಗಿತ್ತು, ತೋಡುಗಳ ತಳದಲ್ಲಿ ಬಿರುಕುಗಳಿದ್ದವು. ಮುಂದಿನ ಮತ್ತು ಹಿಂದಿನ ಟೈರಿನ ಅಳತೆ ಒಂದೇ ಆಗಿರುವ ಸ್ಕೂಟರುಗಳಲ್ಲಿ, ಹಿಂದಿನ ಅರೆಸವೆದ ಟೈರನ್ನು ಮುಂದಕ್ಕೆ ಹಾಕಿ ಹೊಸದನ್ನು ಹಿಂದಕ್ಕೆ ಹಾಕಿಸುವ ರೂಢಿಯೊಂದಿದೆ. ಉಳಿತಾಯವೇನೋ ಆಗುತ್ತದೆ, ಆದರೆ ಚಪ್ಪಟೆಯಾದ ಟೈರು ದಿಕ್ಕು ತಿರುಗಿಸುವ ಚಕ್ರಕ್ಕೆ ಹೋಗಿ ಕೂರುತ್ತದೆ. ಹಿಂದಿನ ಚಕ್ರ ಜಾರಿದರೆ ಕೆಲವೊಮ್ಮೆಯಾದರೂ ಸಂಭಾಳಿಸಬಹುದು. ಮುಂದಿನದು ಜಾರಿದರೆ ಯೋಚಿಸುವ ಮೊದಲೇ ನೆಲದ ಮೇಲಿರುತ್ತೇವೆ.

ಜೋಡಣೆಯ ಹೊತ್ತಿನಲ್ಲಿ ಪಕ್ಕದಲ್ಲೇ ನಿಂತು ನೋಡುವುದು ಮೆಕ್ಯಾನಿಕ್‌ಗೆ ಕಿರಿಕಿರಿಯಾದೀತು, ಆದರೂ ನಿಂತೆ. ಗೋಡೆಯ ಮೇಲಿನ ಬಾಣ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಬೇಕು. ಎರಡೂ ಕಡೆಗೆ ಬಳಸಬಹುದಾದ ಕೆಲವು ಟೈರುಗಳಲ್ಲಿ ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಎಂದು ವಿರುದ್ಧ ದಿಕ್ಕಿನ ಎರಡು ಬಾಣಗಳಿರುತ್ತವೆ. ಹಳದಿ ಚುಕ್ಕೆಯಿದ್ದರೆ ಅದು ಟೈರಿನ ಅತಿ ಹಗುರವಾದ ಜಾಗ. ಅದನ್ನು ವಾಲ್ವಿನ ನೇರಕ್ಕೆ ತಂದರೆ ವಾಲ್ವಿನ ತೂಕ ಅಲ್ಲಿ ಸರಿದೂಗುತ್ತದೆ. ರಬ್ಬರಿನ ವಾಲ್ವನ್ನೂ ಇದೇ ಸಮಯದಲ್ಲಿ ಬದಲಿಸಿಬಿಡುವುದು ಲೇಸು. ಗಾಳಿ ತುಂಬಿದ ಮೇಲೆ, ಟೈರಿನ ಅಂಚಿನ ಸಮೀಪದಲ್ಲಿ ಸುತ್ತಲೂ ಹೋಗುವ ತೆಳುಗೆರೆ ರಿಮ್ಮಿನಿಂದ ಎಲ್ಲ ಕಡೆಯೂ ಸಮಾನ ದೂರದಲ್ಲಿ ಕಂಡರೆ ಟೈರು ಸರಿಯಾಗಿ ಕುಳಿತಿದೆ ಎಂದರ್ಥ.

ಗಾಳಿಯ ಒತ್ತಡಕ್ಕೆ ಟೈರಿನ ಗೋಡೆಯ ಮೇಲಿನ ಅಂಕೆಯನ್ನು ನೋಡಬಾರದು, ಅದು ಗರಿಷ್ಠ ಮಿತಿ. ಪಾಲಿಸಬೇಕಾದದ್ದು ಗಾಡಿಯ ಮೇಲೆ ಅಂಟಿಸಿರುವ ಚೀಟಿಯನ್ನು ಅಥವಾ ಕೈಪಿಡಿಯನ್ನು. ನನ್ನದರಲ್ಲಿ ಮುಂದಕ್ಕೆ 22, ಹಿಂದಕ್ಕೆ ಒಬ್ಬರೇ ಕುಳಿತಾಗ 29, ಇಬ್ಬರಿದ್ದಾಗ 36 ಪಿಎಸ್‌ಐ. ಈ ಅಂಕೆಗಳು ತಣ್ಣಗಿರುವ ಟೈರಿಗೆ ಅನ್ವಯಿಸುತ್ತವೆ, ಹತ್ತಾರು ಕಿಲೋಮೀಟರು ಓಡಿ ಬಿಸಿಯಾದ ಟೈರಿಗಲ್ಲ.

ಈಗ ಕಾಣುತ್ತಿರುವುದು ಹೊಸ ಟೈರುಗಳ ಮೊದಲ ಓಟ. ಹೊಸ ರಬ್ಬರಿನ ಮೇಲ್ಮೈ ಅಚ್ಚಿನಿಂದ ಹೊರಬಂದಾಗಿನ ನುಣುಪನ್ನು ಇನ್ನೂ ಕಳೆದುಕೊಂಡಿರುವುದಿಲ್ಲ, ಆದ್ದರಿಂದ ಮೊದಲ ನೂರು ನೂರೈವತ್ತು ಕಿಲೋಮೀಟರು ಜೋರಾಗಿ ಬ್ರೇಕು ಹಾಕದೆ, ಹೆಚ್ಚು ವಾಲಿಸದೆ, ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ ವಾಲುವಿಕೆಯನ್ನು ಹೆಚ್ಚಿಸುತ್ತ ಓಡಿಸಬೇಕು. ಇಲ್ಲವಾದರೆ ನಡುಭಾಗ ಪಳಗಿದರೂ ಅಂಚುಗಳು ನುಣ್ಣಗೆ ಉಳಿದುಬಿಡುತ್ತವೆ. ದುಂಡು ಮೈಯ ಟೈರಿನ ಮೇಲೆ ಗಾಡಿ ಮೊದಲಿಗಿಂತ ಸಲೀಸಾಗಿ ವಾಲುತ್ತಿದೆ, ಸವೆದದ್ದಕ್ಕೆ ಒಗ್ಗಿಹೋಗಿದ್ದ ನನ್ನ ಕೈಗಳಿಗೆ ಅದು ತುಸು ಅತಿಯೆನಿಸುವಷ್ಟು. ನಾಳೆ ಬೆಳಗ್ಗೆ ಟೈರು ತಣ್ಣಗಿರುವಾಗಲೇ ಒತ್ತಡವನ್ನು ಮತ್ತೊಮ್ಮೆ ಅಳೆಯುತ್ತೇನೆ. ಒಂದೆರಡು ಪಿಎಸ್‌ಐಗಿಂತ ಹೆಚ್ಚು ಇಳಿದಿದ್ದರೆ ವಾಲ್ವಿನ ಬುಡಕ್ಕೂ ರಿಮ್ಮಿನ ಅಂಚಿಗೂ ಸೋಪುನೀರು ಸವರಿ, ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು.